‘ಗೋ’ ಹೋಗಿ ‘ವೆಂಟ್’ ಬಂದದ್ದು ಹೇಗೆ? – ಒಂದು ಕ್ರಿಯಾಪದ ಮತ್ತು ನಮ್ಮ ಅಭ್ಯಾಸ ಪಾಠಗಳು

ಇಂಗ್ಲಿಷ್ ವಿಧಾನ ವಿಷಯ ಆರಿಸಿಕೊಂಡ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆ ಪುಸ್ತಕಗಳನ್ನು ತೆರೆದು ನೋಡಿದರೆ ಭೂತಕಾಲದ ಪಾಠ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿರುತ್ತದೆ. ಪೀಠಿಕೆಯಲ್ಲಿ ‘ನಿನ್ನೆ ನೀವು ಏನು ಮಾಡಿದಿರಿ?’ ಎಂಬ ಪ್ರಶ್ನೆ. ಆಮೇಲೆ ಬಣ್ಣದ ಪೆನ್ನಿನಲ್ಲಿ ಬರೆದ, ಮೂರು ಕಾಲಂಗಳಿರುವ ಚಾರ್ಟ್. ‘ಗೋ – ವೆಂಟ್ – ಗಾನ್, ಕಮ್ – ಕೇಮ್ – ಕಮ್, ಸೀ – ಸಾ – ಸೀನ್.’ ಶಿಕ್ಷಕರು ಹೇಳುತ್ತಾರೆ, ಮಕ್ಕಳು ಒಟ್ಟಿಗೆ ಹೇಳುತ್ತಾರೆ. ಕೊನೆಗೆ ಬಿಟ್ಟ ಸ್ಥಳ ತುಂಬಿರಿ, ಗೃಹಕಾರ್ಯಕ್ಕೆ ಇನ್ನಷ್ಟು ಕ್ರಿಯಾಪದಗಳ ಪಟ್ಟಿ. ನಲವತ್ತು ನಿಮಿಷ ಮುಗಿಯುತ್ತದೆ, ತರಗತಿ ಶಿಸ್ತಾಗಿತ್ತು ಎಂದು ವೀಕ್ಷಣಾ ಪತ್ರದಲ್ಲಿ ಷರಾ ಬೀಳುತ್ತದೆ.

ಈ ಪಾಠದಲ್ಲಿ ಒಂದು ಪ್ರಶ್ನೆಗೆ ಜಾಗವೇ ಇರುವುದಿಲ್ಲ. ‘ಪ್ಲೇ’ಗೆ ‘ಪ್ಲೇಡ್’ ಆದರೆ, ‘ವಾಕ್’ಗೆ ‘ವಾಕ್ಡ್’ ಆದರೆ, ‘ಗೋ’ಗೆ ಮಾತ್ರ ಯಾಕೆ ‘ವೆಂಟ್’? ಎರಡು ಪದಗಳಲ್ಲಿ ಒಂದೇ ಒಂದು ಅಕ್ಷರದ ಹೋಲಿಕೆಯೂ ಇಲ್ಲವಲ್ಲ? ಯೋಚಿಸುವ ಮಗುವಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಯಾರಾದರೂ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅದು ಹಾಗೇ, ಬಾಯಿಪಾಠ ಮಾಡು.’

ಆ ಉತ್ತರ ಸಾಲದು ಎಂಬುದು ಈ ಲೇಖನದ ವಾದ. ಕಾರಣ ವ್ಯಾಕರಣದ್ದಷ್ಟೇ ಅಲ್ಲ. ಕನ್ನಡ ಮಾಧ್ಯಮದ ಮಗು ಇಂಗ್ಲಿಷನ್ನು ತಲೆಬುಡವಿಲ್ಲದ ಕಟ್ಟಳೆಗಳ ಮೂಟೆ ಎಂದು ನಂಬುತ್ತದೋ, ತನ್ನ ಬುದ್ಧಿಗೆ ಎಟುಕುವ ಒಂದು ಭಾಷೆ ಎಂದು ನಂಬುತ್ತದೋ ಎಂಬುದು ಇಂಥ ಸಣ್ಣ ಉತ್ತರಗಳ ಮೇಲೆ ನಿಂತಿದೆ. ‘ಗೋ’ ಎಂಬ ಒಂದೇ ಕ್ರಿಯಾಪದವನ್ನು ಎದುರಿಗಿಟ್ಟುಕೊಂಡು ಈ ಮಾತನ್ನು ಪರಿಶೀಲಿಸೋಣ.

ವೆಂಟ್‌ನ ತವರು

‘ವೆಂಟ್’ ಹುಟ್ಟಿನಿಂದ ‘ಗೋ’ದ ಮನೆಯದಲ್ಲ. ಅದು ‘ವೆಂಡ್’ ಎಂಬ ಬೇರೊಂದು ಕ್ರಿಯಾಪದದ ಭೂತಕಾಲ ರೂಪ. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲ ಅರ್ಥ ತಿರುಗು, ತಿರುಗಿಸು ಎಂದು. ಒಂದು ಕಡೆಗೆ ತಿರುಗಿದವನು ಆ ಕಡೆಗೆ ಹೊರಟವನೂ ಆಗುತ್ತಾನಲ್ಲ? ಹಾಗೆ ‘ತಿರುಗು’ ಎಂಬುದು ‘ಹೊರಡು, ಸಾಗು’ ಎಂಬ ಅರ್ಥಕ್ಕೂ ಬಂತು. ರಸ್ತೆ ಬಳಸಿ ಬಳಸಿ ಹೋಗುತ್ತದೆ ಎನ್ನಲು ಇಂದಿಗೂ ಬಳಸುವ ‘ವೈಂಡ್’ ಎಂಬ ಕ್ರಿಯಾಪದ ಇದರ ನೆಂಟ.

‘ವೆಂಡ್ – ವೆಂಟ್’ ಎಂಬ ಜೋಡಿಯನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರ ಕೆಳಗೆ ‘ಸೆಂಡ್ – ಸೆಂಟ್’, ‘ಬೆಂಡ್ – ಬೆಂಟ್’, ‘ಸ್ಪೆಂಡ್ – ಸ್ಪೆಂಟ್’, ‘ಲೆಂಡ್ – ಲೆಂಟ್’ ಎಂದು ಬರೆಯಿರಿ. ವಿವರಣೆ ಬೇಕಾಗುವುದಿಲ್ಲ. ಇದುವರೆಗೆ ಅನಾಥವಾಗಿ ಕಾಣುತ್ತಿದ್ದ ‘ವೆಂಟ್’ ಒಂದು ದೊಡ್ಡ ಮನೆತನದ ಕೂಸು ಎಂದು ಎಂಟನೇ ತರಗತಿಯ ಮಗುವಿಗೂ ಹೊಳೆಯುತ್ತದೆ.

ಹಾಗಾದರೆ ‘ಗೋ’ಗೆ ಸ್ವಂತ ಭೂತಕಾಲ ಇರಲಿಲ್ಲವೇ? ವಿಚಿತ್ರವೆಂದರೆ, ದಾಖಲೆ ಸಿಗುವ ಕಾಲದಿಂದಲೂ ಅದು ಎರವಲಿನ ಮೇಲೆಯೇ ಬದುಕಿದೆ. ಹಳೆಯ ಇಂಗ್ಲಿಷಿನಲ್ಲಿ ‘ಹೋಗು’ ಎಂಬುದಕ್ಕೆ ‘ಗಾನ್’ ಎಂಬ ರೂಪವಿತ್ತು. ಅದರ ಭೂತಕಾಲ ‘ಏಓಡೆ’. ಇದೂ ಬೇರೆ ಧಾತುವಿನಿಂದ ಬಂದದ್ದೇ. ಕಾಲ ಕಳೆದಂತೆ ‘ಏಓಡೆ’ ಸವೆದು ‘ಯೇಡೆ’ ಮುಂತಾದ ರೂಪ ತಳೆಯಿತು. ಇತ್ತ ‘ವೆಂಟ್’ ಜನರ ಬಾಯಲ್ಲಿ ಹೆಚ್ಚು ಹೆಚ್ಚು ಓಡಾಡತೊಡಗಿತು. 15ನೆಯ ಶತಮಾನದ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ಬಳಕೆಯಲ್ಲಿ ಹಳೆಯ ರೂಪ ಹಿಂದೆ ಸರಿದು ‘ವೆಂಟ್’ ಅದರ ಜಾಗಕ್ಕೆ ಬಂದು ಕುಳಿತಿತು. ತನ್ನ ಭೂತಕಾಲವನ್ನು ಹೀಗೆ ಕೊಟ್ಟುಬಿಟ್ಟ ‘ವೆಂಡ್’ ತನಗಾಗಿ ‘ವೆಂಡೆಡ್’ ಎಂಬ ಹೊಸ ರೂಪ ಮಾಡಿಕೊಂಡಿತು. ಈಗ ಅದು ‘ದಾರಿ ಹಿಡಿದು ಸಾಗು’ ಎಂಬ ಒಂದು ನುಡಿಗಟ್ಟಿನಲ್ಲಿ ಮಾತ್ರ ಉಸಿರಾಡುತ್ತಿದೆ.

ಇದಕ್ಕಿಂತ ಸ್ವಾರಸ್ಯದ ಸಂಗತಿ ಸ್ಕಾಟ್ಲೆಂಡಿನದು. ಅಲ್ಲಿನ ಸ್ಕಾಟ್ಸ್ ನುಡಿಯಲ್ಲಿ ‘ಹೋಗು’ ಎಂಬುದಕ್ಕೆ ‘ಗೇ’ ಎನ್ನುತ್ತಾರೆ, ಭೂತಕಾಲಕ್ಕೆ ‘ಗೇಡ್’. ಅಂದರೆ ‘ಗೋ’ಗೆ ನೇರವಾಗಿ ‘ಡ್’ ಹಚ್ಚಿದ ರೂಪ. 18ನೆಯ ಶತಮಾನದ ಕವಿ ರಾಬರ್ಟ್ ಬರ್ನ್ಸ್ ಅವರ ಕವಿತೆಗಳಲ್ಲಿ ಈ ‘ಗೇಡ್’ ಧಾರಾಳವಾಗಿ ಬರುತ್ತದೆ. ನಮ್ಮ ತರಗತಿಯ ಮಗು ‘ಐ ಗೋಡ್ ಟು ಸ್ಕೂಲ್’ ಎಂದಾಗ ನಗುವ ಮುನ್ನ ಇದನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಆ ಮಗು ಮಾಡಿದ್ದು ಒಂದು ಇಡೀ ನಾಡಿನ ಜನ ಮಾಡಿದ ಕೆಲಸವನ್ನೇ.

ಇದು ಇಂಗ್ಲಿಷಿನ ಹುಚ್ಚಾಟವಲ್ಲ

ಒಂದು ಪದದ ಬೇರೆ ಬೇರೆ ರೂಪಗಳು ಬೇರೆ ಬೇರೆ ಧಾತುಗಳಿಂದ ಬರುವುದು ಇಂಗ್ಲಿಷಿನ ಪ್ರತ್ಯೇಕ ರೋಗವೇನಲ್ಲ. ನಮ್ಮ ಮಕ್ಕಳು ತೃತೀಯ ಭಾಷೆಯಾಗಿ ಕಲಿಯುವ ಹಿಂದಿಯನ್ನೇ ನೋಡಿ. ‘ಜಾತಾ ಹೈ’ ಎಂದರೆ ಹೋಗುತ್ತಾನೆ; ‘ಗಯಾ’ ಎಂದರೆ ಹೋದನು. ‘ಜಾ’ ಬಂದದ್ದು ಸಂಸ್ಕೃತದ ‘ಯಾ’ ಧಾತುವಿನಿಂದ, ‘ಗಯಾ’ ಬಂದದ್ದು ‘ಗಮ್’ ಧಾತುವಿನ ‘ಗತ’ದಿಂದ. ‘ಗೋ – ವೆಂಟ್’ ಮಾಡಿದ್ದನ್ನೇ ‘ಜಾ – ಗಯಾ’ ಮಾಡಿದೆ, ಅದೂ ಅದೇ ಅರ್ಥದ ಕ್ರಿಯಾಪದದಲ್ಲಿ. ಸಂಸ್ಕೃತ ಓದಿದವರಿಗೆ ‘ಪಶ್ಯತಿ’ ಮತ್ತು ‘ದೃಷ್ಟ’ ಗೊತ್ತೇ ಇದೆ. ನೋಡುವುದಕ್ಕೆ ವರ್ತಮಾನದಲ್ಲಿ ಒಂದು ಧಾತು, ಕೃದಂತದಲ್ಲಿ ಇನ್ನೊಂದು. ಫ್ರೆಂಚಿನಲ್ಲಿ ‘ಹೋಗು’ ಎಂಬ ಒಂದು ಕ್ರಿಯಾಪದದ ರೂಪಗಳು ಒಂದಕ್ಕಿಂತ ಹೆಚ್ಚು ಮೂಲಗಳಿಂದ ಕೂಡಿಬಂದಿವೆ.

ಕನ್ನಡದಲ್ಲಿ? ಎರಡಕ್ಕೆ ‘ಎರಡನೆಯ’, ಮೂರಕ್ಕೆ ‘ಮೂರನೆಯ’ ಎನ್ನುವ ನಾವು ಒಂದಕ್ಕೆ ಬಂದಾಗ ಸಾಮಾನ್ಯವಾಗಿ ‘ಮೊದಲನೆಯ’ ಎನ್ನುತ್ತೇವೆ. ಇಂಗ್ಲಿಷಿನ ‘ವನ್ – ಫಸ್ಟ್’ ಕೂಡ ಹೀಗೆಯೇ. ಇನ್ನು ಕ್ರಿಯಾಪದಗಳಲ್ಲಿ ನಮ್ಮದು ಬೇರೆ ಧಾತುವಿನ ಎರವಲಲ್ಲ, ಒಂದೇ ಧಾತುವಿನ ಮಾರ್ಪಾಡು. ಆದರೂ ಹೊರಗಿನವರ ಕಣ್ಣಿಗೆ ಅದೇನು ಸರಳವೇ? ‘ಮಾಡು – ಮಾಡಿದ’, ‘ನೋಡು – ನೋಡಿದ’ ಎಂದು ಕಲಿತವರು ‘ಬರು – ಬಂದ’, ‘ನಿಲ್ಲು – ನಿಂತ’, ‘ಏಳು – ಎದ್ದ’, ‘ಕೊಳ್ಳು – ಕೊಂಡ’, ‘ಸಾಯು – ಸತ್ತ’ ಎಂಬುದನ್ನು ಕಂಡು ತಲೆ ಕೆರೆದುಕೊಳ್ಳುತ್ತಾರೆ. ನಮ್ಮಲ್ಲಿ ಯಾರೂ ಇವನ್ನು ಚಾರ್ಟ್ ನೋಡಿ ಕಲಿತವರಲ್ಲ. ತೊಟ್ಟಿಲಿನಿಂದ ಅಂಗಳದವರೆಗೆ ಕೇಳಿ, ಆಡಿ ಕಲಿತೆವು.

ಇದರಲ್ಲಿ ಇನ್ನೊಂದು ಪಾಠವಿದೆ. ನಿಯಮ ಮುರಿಯುವ ಪದಗಳೆಲ್ಲ ದಿನಬಳಕೆಯ ಪದಗಳೇ: ಹೋಗು, ಬಾ, ನೋಡು, ತಿನ್ನು, ಕೊಡು. ಬಾಯಲ್ಲಿ ಸದಾ ಓಡಾಡುವ ಪದಕ್ಕೆ ತನ್ನ ಹಳೆಯ ರೂಪ ಉಳಿಸಿಕೊಳ್ಳುವ ಶಕ್ತಿ ಇರುತ್ತದೆ. ಅಪರೂಪದ ಪದ ಮರೆತುಹೋಗಿ ನಿಯಮಕ್ಕೆ ಶರಣಾಗುತ್ತದೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳ ಜಾಡು ಹಿಡಿದು ನೋಡಿತು. ಇಂದಿಗೂ ಅನಿಯಮಿತವಾಗಿ ಉಳಿದವು 98. ಹೆಚ್ಚು ಬಳಕೆಯಾದವು ಗಟ್ಟಿಯಾಗಿ ಉಳಿದಿದ್ದವು, ಕಡಿಮೆ ಬಳಕೆಯಾದವು ‘ಎಡ್’ ಹಚ್ಚಿಸಿಕೊಂಡು ನಿಯಮಕ್ಕೆ ಸೇರಿದ್ದವು. ಬಳಕೆಯಿಂದ ಉಳಿದ ಪದವನ್ನು ಬಳಕೆಯಿಂದಲೇ ಕಲಿಸಬೇಕು ಎಂಬುದು ಶಿಕ್ಷಕರಾದ ನಮಗೆ ಇದರಿಂದ ಸಿಗುವ ಸೂಚನೆ.

ಕಿವಿಗೆ ಇಂಪಾದ ಸುಳ್ಳು

ಮಾತೃಭಾಷೆಯ ಜೊತೆ ಜೋಡಿಸಿ ಕಲಿಸಿ ಎಂದಾಗ ಒಂದು ಎಚ್ಚರಿಕೆಯೂ ಬೇಕು. ‘ಗೋ ಎಂದರೆ ಗಮನ, ಸಂಸ್ಕೃತದ ಗಮ್‌ನಿಂದ ಇಂಗ್ಲಿಷಿನ ಗೋ ಬಂತು’ ಎಂಬ ವಿವರಣೆ ಕೆಲವು ಪಾಠಗಳಲ್ಲಿ ಕೇಳಿಬರುತ್ತದೆ. ಎರಡರಲ್ಲೂ ‘ಗ’ಕಾರ ಇದೆ, ಅರ್ಥ ಒಂದೇ, ಮಕ್ಕಳಿಗೆ ನೆನಪೂ ಉಳಿಯುತ್ತದೆ. ಆದರೆ ಇದು ನಿಜವಲ್ಲ.

ನಿಜ ಇನ್ನೂ ಸೊಗಸಾಗಿದೆ. ಸಂಸ್ಕೃತದ ‘ಗಮ್’ ಧಾತುವಿಗೆ ನಿಜವಾದ ಬಂಧು ಇಂಗ್ಲಿಷಿನ ‘ಕಮ್’. ಎರಡೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಸಂಸ್ಕೃತದಲ್ಲಿ ‘ಗ’ಕಾರ ಇರುವ ಎಷ್ಟೋ ಕಡೆ ಇಂಗ್ಲಿಷಿನಲ್ಲಿ ‘ಕ’ಕಾರ ಸಿಗುತ್ತದೆ. ‘ಗೋ’ ಎಂದರೆ ಹಸು, ಅದರ ಇಂಗ್ಲಿಷ್ ಬಂಧು ‘ಕೌ’. ಹಾಗೆಯೇ ‘ಗಮ್ – ಕಮ್’. ‘ದ’ಕಾರ ಇದ್ದಲ್ಲಿ ‘ಟ’ಕಾರ ಸಿಗುತ್ತದೆ: ‘ದ್ವಿ – ಟೂ’, ‘ದಶ – ಟೆನ್’. ಹೀಗೆ ಹೋಲಿಕೆ ನಿಯಮಬದ್ಧವಾಗಿ ಮತ್ತೆ ಮತ್ತೆ ಸಿಕ್ಕಾಗ ಮಾತ್ರ ಭಾಷಾವಿಜ್ಞಾನಿಗಳು ಅದನ್ನು ನೆಂಟಸ್ತನ ಎಂದು ಒಪ್ಪುತ್ತಾರೆ. ಕೇಳಲು ಒಂದೇ ತೆರನಾಗಿದೆ ಎಂಬುದು ಸಾಕ್ಷಿಯಲ್ಲ.

ಧ್ವನಿಗಳು ಹೀಗೆ ಸಾಲಾಗಿ ಬದಲಾಗುತ್ತವೆ ಎಂಬುದನ್ನು ತೋರಿಸಲು ನಮ್ಮ ಮಕ್ಕಳಿಗೆ ಕನ್ನಡದ ಉದಾಹರಣೆಯೇ ಇದೆ. ಹಳಗನ್ನಡ ಪದ್ಯದಲ್ಲಿ ‘ಪೋಗು’, ಇಂದು ‘ಹೋಗು’; ಅಲ್ಲಿ ‘ಪಾಲ್’, ಇಲ್ಲಿ ‘ಹಾಲು’; ಅಲ್ಲಿ ‘ಪುಲಿ’, ಇಲ್ಲಿ ‘ಹುಲಿ’. ತಮಿಳು, ತೆಲುಗು ಮಾತಾಡುವ ಸಹಪಾಠಿ ತರಗತಿಯಲ್ಲಿದ್ದರೆ ‘ಹೋಗು ಎನ್ನಲು ನಿಮ್ಮ ಮನೆಯಲ್ಲಿ ಏನನ್ನುತ್ತೀರಿ?’ ಎಂದು ಕೇಳಿ. ‘ಪೋ’ ಎಂಬ ಉತ್ತರ ಬರುತ್ತದೆ. ಕನ್ನಡದ ‘ಹೋಗು’, ಇಂಗ್ಲಿಷಿನ ‘ಗೋ’ ಎರಡೂ ಬೇರೆ ಬೇರೆ ಭಾಷಾ ಕುಟುಂಬಗಳವು. ಇವೆರಡಕ್ಕೂ ನೆಂಟಸ್ತನ ಕಟ್ಟುವ ಅಗತ್ಯ ನಮಗಿಲ್ಲ. ಸುಳ್ಳು ಹೇಳಿ ನೆನಪಿನಲ್ಲಿ ಉಳಿಸುವುದಕ್ಕಿಂತ ನಿಜ ಹೇಳಿ ಕುತೂಹಲ ಹುಟ್ಟಿಸುವುದು ಲೇಸು.

‘ಗೋಡ್’ ಎಂದ ಮಗುವಿನ ಬುದ್ಧಿ

ಈಗ ತರಗತಿಯ ಮುಖ್ಯ ವಿಷಯಕ್ಕೆ ಬರೋಣ. ಮಗು ‘ಗೋಡ್’ ಎಂದಾಗ ಏನು ನಡೆದಿದೆ? ಆ ಪದವನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಶಿಕ್ಷಕರು ಹೇಳಿಲ್ಲ, ಪುಸ್ತಕದಲ್ಲಿ ಇಲ್ಲ. ‘ಪ್ಲೇಡ್’, ‘ವಾಕ್ಡ್’, ‘ಕುಕ್ಡ್’ ಎಂಬುವುಗಳಿಂದ ಮಗು ತಾನೇ ಒಂದು ನಿಯಮ ಹೆಕ್ಕಿ ತೆಗೆದಿದೆ ಮತ್ತು ಅದನ್ನು ಹೊಸ ಪದಕ್ಕೆ ಹಚ್ಚಿದೆ. ಬಾಯಿಪಾಠ ಮಾಡಿದ ಮಗುವಿನ ‘ವೆಂಟ್’ನಲ್ಲಿ ಈ ಆಲೋಚನೆಯ ಕುರುಹು ಕಾಣುವುದಿಲ್ಲ.

ಇಂಗ್ಲಿಷನ್ನೇ ಮಾತೃಭಾಷೆಯಾಗಿ ಕಲಿಯುವ ಮಕ್ಕಳೂ ಹೀಗೆಯೇ ಮಾಡುತ್ತಾರೆ. ಮೊದಮೊದಲು ಕೇಳಿದ್ದನ್ನು ಕೇಳಿದಂತೆ ‘ವೆಂಟ್’ ಎಂದು ಸರಿಯಾಗಿಯೇ ಹೇಳುತ್ತಿದ್ದ ಮಗು, ‘ಎಡ್’ ನಿಯಮ ಕೈಗೆ ಸಿಕ್ಕ ಮೇಲೆ ‘ಗೋಡ್’ ಎನ್ನತೊಡಗುತ್ತದೆ. ಆಮೇಲೆ ಮತ್ತೆ ‘ವೆಂಟ್’ಗೆ ಬಂದು ನಿಲ್ಲುತ್ತದೆ. ನೋಡುವವರಿಗೆ ಹಿನ್ನಡೆಯಂತೆ ಕಂಡದ್ದು ವಾಸ್ತವದಲ್ಲಿ ಮುನ್ನಡೆ. 1958ರಲ್ಲಿ ಜೀನ್ ಬರ್ಕೋ ಎಂಬ ಸಂಶೋಧಕಿ ಭಾಷೆಯಲ್ಲಿ ಇಲ್ಲವೇ ಇಲ್ಲದ ‘ವಗ್’ನಂಥ ಪದಗಳನ್ನು ಚಿತ್ರಗಳೊಂದಿಗೆ ಪುಟ್ಟ ಮಕ್ಕಳ ಮುಂದಿಟ್ಟರು. ಹಿಂದೆಂದೂ ಕೇಳದ ಆ ಪದಗಳಿಗೆ ಮಕ್ಕಳು ಬಹುವಚನವನ್ನೂ ಭೂತಕಾಲವನ್ನೂ ಕಟ್ಟಿ ಹೇಳಿದರು. ಕೇಳಿದ್ದನ್ನು ಗಿಣಿಯಂತೆ ಒಪ್ಪಿಸುವುದಷ್ಟೇ ಕಲಿಕೆಯಲ್ಲ ಎಂಬುದಕ್ಕೆ ಇದು ಹೆಸರುವಾಸಿಯಾದ ಸಾಕ್ಷಿ. 1967ರಲ್ಲಿ ಪಿಟ್ ಕಾರ್ಡರ್ ಅವರು ಇದೇ ದೃಷ್ಟಿಯನ್ನು ಎರಡನೆಯ ಭಾಷೆಯ ಕಲಿಕೆಗೆ ಅನ್ವಯಿಸಿ, ಕಲಿಯುವವರ ತಪ್ಪುಗಳು ಅವರೊಳಗೆ ಕಟ್ಟಿಕೊಳ್ಳುತ್ತಿರುವ ವ್ಯವಸ್ಥೆಯ ಗುರುತುಗಳು ಎಂದು ವಾದಿಸಿದರು. ಈ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಓದಿದರೆ ಸಾಲದು, ಬೋಧನಾಭ್ಯಾಸದ ತರಗತಿಗೂ ಕೊಂಡೊಯ್ಯಬೇಕು.

ಅಭ್ಯಾಸ ಪಾಠಗಳಲ್ಲಿ ‘ಗೋಡ್’ ಎಂಬ ಉತ್ತರಕ್ಕೆ ಸಿಗುವುದು ಏನು? ‘ತಪ್ಪು, ಕೂತ್ಕೋ. ನೆಕ್ಸ್ಟ್.’ ಪಕ್ಕದ ಬೆಂಚಿನಿಂದ ನಗು. ಆ ಮಗು ಮತ್ತೆ ಆ ನಲವತ್ತು ನಿಮಿಷದಲ್ಲಿ ಕೈ ಎತ್ತುವುದಿಲ್ಲ. ಬಲವರ್ಧನೆ ಕೌಶಲದ ಬಗ್ಗೆ ಸೂಕ್ಷ್ಮ ಬೋಧನೆಯಲ್ಲಿ ಎಷ್ಟೆಲ್ಲ ಕಲಿತ ನಾವು, ಅದು ಸರಿಯುತ್ತರಕ್ಕೆ ಹೇಳುವ ‘ವೆರಿ ಗುಡ್’ ಎಂದಷ್ಟೇ ತಿಳಿದಂತಿದೆ. ನಿಯಮ ಹಿಡಿದ ತಪ್ಪಿಗೂ ಬಲವರ್ಧನೆ ಬೇಕು. ‘ನೀನು ಡ್ ಸೇರಿಸಿದ್ದು ಬಹಳ ಪದಗಳಿಗೆ ಸರಿ ಕಣಮ್ಮ. ಈ ಪದ ಮಾತ್ರ ಬೇರೆ ಮನೆಯಿಂದ ರೂಪ ತಂದುಕೊಂಡಿದೆ, ವೆಂಟ್ ಅಂತ’ ಎನ್ನಲು ಹತ್ತು ಸೆಕೆಂಡು ಸಾಕು. ತಪ್ಪು ತಿದ್ದಿದ್ದೂ ಆಯಿತು, ಮಗುವಿನ ಮುಖ ಉಳಿದದ್ದೂ ಆಯಿತು.

ಹೋಗು–ಬರುಗಳ ಲೆಕ್ಕ

ರೂಪಕ್ಕಿಂತ ಬಳಕೆಯೇ ದೊಡ್ಡದು. ‘ವೆಂಟ್’ ಎಂದು ಬರೆಯಲು ಬಂದವರೆಲ್ಲ ಅದನ್ನು ಬಳಸಲು ಬಲ್ಲವರಲ್ಲ. ಇಲ್ಲಿ ಕನ್ನಡ ಎಷ್ಟು ನೆರವಾಗುತ್ತದೆ, ಎಲ್ಲಿ ಕಾಲಿಗೆ ತೊಡರುತ್ತದೆ ಎಂಬುದನ್ನು ಶಿಕ್ಷಕರು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು.

ನೆರವಾಗುವ ಕಡೆಗಳು ಹಲವು. ‘ಹಾಲು ಕೆಟ್ಟುಹೋಯಿತು’ ಎನ್ನುತ್ತೇವೆ. ಇಂಗ್ಲಿಷಿನವರೂ ಹಾಲು ‘ವೆಂಟ್ ಬ್ಯಾಡ್’ ಎನ್ನುತ್ತಾರೆ. ಕಾಲಿನಿಂದ ನಡೆಯದ ಹಾಲಿಗೂ ಎರಡೂ ಭಾಷೆಗಳು ‘ಹೋಗು’ವನ್ನೇ ಹಚ್ಚಿವೆ. ‘ಕರೆಂಟ್ ಹೋಯ್ತು’ ಎಂಬುದಕ್ಕೂ ‘ಗೋ’ ಒಪ್ಪುತ್ತದೆ. ಕೇಳುಗನಿರುವ ಕಡೆಗೆ ಹೋಗುವಾಗ ನಾವು ‘ನಾಳೆ ನಿಮ್ಮ ಮನೆಗೆ ಬರ್ತೀನಿ’ ಎಂದು ‘ಬರು’ ಬಳಸುತ್ತೇವೆ. ಇಂಗ್ಲಿಷಿನಲ್ಲೂ ಅಲ್ಲಿ ‘ಕಮ್’ ಬರುತ್ತದೆ, ‘ಗೋ’ ಅಲ್ಲ. ‘ಹ್ಯಾಸ್ ಗಾನ್’, ‘ಹ್ಯಾಸ್ ಬೀನ್’ ಎಂಬ ಜೋಡಿಯನ್ನು ವ್ಯಾಕರಣದ ಪಾರಿಭಾಷಿಕ ಪದಗಳಲ್ಲಿ ವಿವರಿಸಲು ಹೋಗಿ ಒದ್ದಾಡುವವರು ಕನ್ನಡಕ್ಕೆ ತಿರುಗಿದರೆ ಕೆಲಸ ಹಗುರ. ‘ಅಪ್ಪ ಮೈಸೂರಿಗೆ ಹೋಗಿದ್ದಾರೆ’ ಎಂದರೆ ಮನೆಯಲ್ಲಿಲ್ಲ, ಇನ್ನೂ ಅಲ್ಲೇ ಇದ್ದಾರೆ: ಅದು ‘ಗಾನ್’. ‘ಅಪ್ಪ ಮೈಸೂರಿಗೆ ಹೋಗಿ ಬಂದಿದ್ದಾರೆ’ ಎಂದರೆ ನೋಡಿಕೊಂಡು ಹಿಂದಿರುಗಿದ್ದಾರೆ: ಅದು ‘ಬೀನ್’. ಎರಡು ವಾಕ್ಯ, ಎರಡು ನಿಮಿಷ.

ತೊಡಕಾಗುವ ಕಡೆಗಳೂ ಇವೆ. ಊಟಕ್ಕೆ ಕರೆದಾಗ ನಮ್ಮ ಮಗು ಇದ್ದಲ್ಲಿಂದಲೇ ‘ಬಂದೆ, ಬಂದೆ’ ಎಂದು ಕೂಗುತ್ತದೆ. ಇನ್ನೂ ಎದ್ದಿರುವುದಿಲ್ಲ, ಮಾತು ಮಾತ್ರ ಭೂತಕಾಲದಲ್ಲಿ. ಇದನ್ನೇ ‘ಐ ಕೇಮ್’ ಎಂದರೆ ಇಂಗ್ಲಿಷಿನಲ್ಲಿ ಅರ್ಥ ಕೆಡುತ್ತದೆ. ಅಲ್ಲಿ ‘ಐ ಆಮ್ ಕಮಿಂಗ್’ ಬೇಕು. ಹೊರಡುವಾಗ ‘ಹೋಗ್ತೀನಿ’ ಎನ್ನುವುದು ಅಶುಭವೆಂದು ‘ಹೋಗಿ ಬರ್ತೀನಿ’ ಎನ್ನುವುದು ನಮ್ಮ ರೂಢಿ. ಅದರ ಹಿಂದಿನ ಭಾವನೆ ಇಂಗ್ಲಿಷಿನ ‘ಗೋ ಅಂಡ್ ಕಮ್’ನಲ್ಲಿ ದಾಟುವುದಿಲ್ಲ. ‘ಮನೆಗೆ ಹೋದೆ’, ‘ಅಲ್ಲಿಗೆ ಹೋದೆ’ ಎಂಬಲ್ಲಿನ ‘ಗೆ’ ಪ್ರತ್ಯಯವನ್ನು ಮಗು ನಿಷ್ಠೆಯಿಂದ ‘ಟು’ ಮಾಡಿ ‘ವೆಂಟ್ ಟು ಹೋಮ್’, ‘ವೆಂಟ್ ಟು ದೇರ್’ ಎನ್ನುತ್ತದೆ. ‘ಹೋಮ್’ಗೆ ‘ಟು’ ಯಾಕೆ ಬೇಡ? ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೂ ವಿಭಕ್ತಿಗಳಿದ್ದವು. ‘ಮನೆ’ ಎಂಬ ಪದದ ದ್ವಿತೀಯಾ ವಿಭಕ್ತಿ ರೂಪವೇ ‘ಮನೆಯ ಕಡೆಗೆ’ ಎಂಬ ಅರ್ಥ ಕೊಡುತ್ತಿತ್ತು. ವಿಭಕ್ತಿಗಳು ಸವೆದುಹೋದವು, ಆ ಬಳಕೆ ಉಳಿಯಿತು. ಅಂದರೆ ಇಂದಿನ ‘ಗೋ ಹೋಮ್’ನಲ್ಲಿರುವ ‘ಹೋಮ್’ ನಮ್ಮ ‘ಮನೆ’ ಅಲ್ಲ, ‘ಮನೆಗೆ’. ‘ಗೆ’ ಅದರೊಳಗೇ ಇದೆ. ಮತ್ತೆ ‘ಟು’ ಹಾಕಿದರೆ ‘ಮನೆಗೆಗೆ’ ಎಂದಂತೆ. ಹೀಗೆ ಹೇಳಿದರೆ ಮಕ್ಕಳು ನಗುತ್ತಾರೆ, ನೆನಪೂ ಇಟ್ಟುಕೊಳ್ಳುತ್ತಾರೆ. ವಿಭಕ್ತಿ ಗೊತ್ತಿರುವ ಕನ್ನಡದ ಮಗುವಿಗೆ ಈ ವಿವರಣೆ ಸುಲಭವಾಗಿ ದಕ್ಕುತ್ತದೆ.

ಇನ್ನೊಂದು ವ್ಯತ್ಯಾಸ ಯೋಚಿಸಬೇಕಾದದ್ದು. ‘ನನಗೆ ಇಂಗ್ಲಿಷ್ ಬರಲ್ಲ’ ಎನ್ನುತ್ತೇವೆ. ಈಜು ಬರುತ್ತದೆ, ಹಾಡು ಬರುತ್ತದೆ, ಲೆಕ್ಕ ಬರುತ್ತದೆ, ಭಾಷೆ ಬರುತ್ತದೆ. ಕನ್ನಡದಲ್ಲಿ ವಿದ್ಯೆ ಎಂಬುದು ನಮ್ಮ ಕಡೆಗೆ ನಡೆದು ಬರುವಂಥದು. ಇಂಗ್ಲಿಷಿನಲ್ಲಿ ಅದು ‘ಐ ನೋ’, ‘ಐ ಕ್ಯಾನ್’. ಅಲ್ಲಿ ಕಲಿಯುವವನೇ ಕರ್ತೃ. ‘ಇಂಗ್ಲಿಷ್ ಈಸ್ ನಾಟ್ ಕಮಿಂಗ್ ಟು ಮಿ’ ಎಂದ ಮಗುವನ್ನು ನೋಡಿ ನಗುವವರು, ಆ ಮಗು ಕನ್ನಡದ ಒಂದು ಅಂದವಾದ ರೂಪಕವನ್ನು ಇಂಗ್ಲಿಷಿಗೆ ಹೊತ್ತು ತಂದಿದೆ ಎಂಬುದನ್ನು ಕಾಣುವುದಿಲ್ಲ. ತಿದ್ದಬೇಕು, ನಿಜ. ಆದರೆ ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಯಾವ ಭಾಷೆ ಹೇಗೆ ಯೋಚಿಸುತ್ತದೆ ಎಂದು ತೋರಿಸಿ ತಿದ್ದಬೇಕು. ಬಹುಭಾಷಿಕತೆ ತರಗತಿಯ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಇಂಥ ಕೆಲಸವನ್ನೇ.

ಆಕ್ಷೇಪಣೆಗಳು

ಇದಕ್ಕೆ ಬರುವ ಆಕ್ಷೇಪಣೆಗಳು ಹಗುರವಾದವಲ್ಲ. ಮೊದಲನೆಯದು ಸಮಯದ್ದು. ಪಠ್ಯ ಮುಗಿಸಬೇಕು, ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ, ಅಲ್ಲಿ ಯಾರೂ ‘ವೆಂಡ್’ ಬಗ್ಗೆ ಕೇಳುವುದಿಲ್ಲ. ಒಪ್ಪೋಣ. ಆದರೆ ಪಟ್ಟಿಯನ್ನು ಬಿಸಾಡಿ ಎಂದು ಇಲ್ಲಿ ಹೇಳುತ್ತಿಲ್ಲ. ಪಟ್ಟಿ ಪಾಠದ ಆರಂಭದಲ್ಲಿ ಅಂಗಡಿಯಿಂದ ತಂದ ಚಾರ್ಟಿನಂತೆ ಬರಬಾರದು. ಪಾಠದ ಕೊನೆಯಲ್ಲಿ ಮಕ್ಕಳೇ ಕಟ್ಟಿದ ಫಲವಾಗಿ ಬರಲಿ. ‘ಸೆಂಡ್ – ಸೆಂಟ್’ ಗುಂಪು, ‘ಸಿಂಗ್ – ಸ್ಯಾಂಗ್’ ಗುಂಪು, ‘ಕಟ್ – ಕಟ್’ ಗುಂಪು ಎಂದು ಮನೆತನಗಳಾಗಿ ವಿಂಗಡಿಸಿದ ಪಟ್ಟಿ ವರ್ಣಮಾಲೆಯ ಕ್ರಮದ ಪಟ್ಟಿಗಿಂತ ಸುಲಭವಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಎರಡನೆಯದು: ಹಳ್ಳಿಯ ಮಕ್ಕಳಿಗೆ ಪದಚರಿತ್ರೆಯ ಹೊರೆ ಯಾಕೆ? ಹೊರೆ ಹೊರಬೇಕಾದವರು ಶಿಕ್ಷಕರು, ಮಕ್ಕಳಲ್ಲ. ಎರಡು ನಿಮಿಷದ ಕಥೆ ಹೇಳಲು ಶಿಕ್ಷಕರಿಗೆ ಎರಡು ಗಂಟೆಯ ಓದು ಬೇಕು. ಅಲ್ಲದೆ ‘ಹಳ್ಳಿಯ ಮಕ್ಕಳಿಗೆ ಇದು ಬೇಡ’ ಎನ್ನುವ ಅನುಕಂಪದಲ್ಲಿ ಅವರಿಗೆ ಬಾಯಿಪಾಠ ಮಾತ್ರ ಸಾಕು ಎಂಬ ಅಭಿಪ್ರಾಯ ಅಡಗಿದೆ. ‘ಯಾಕೆ’ ಎಂಬ ಪ್ರಶ್ನೆ ನಗರದ ಮಕ್ಕಳ ಸ್ವತ್ತಲ್ಲ.

ಮೂರನೆಯದು ಇವೆಲ್ಲಕ್ಕಿಂತ ಗಟ್ಟಿಯಾದದ್ದು: ಪದದ ಕಥೆ ಗೊತ್ತಾದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಇದು ಪೂರ್ತಿ ನಿಜ. ಕಥೆ ಭಯ ಬಿಡಿಸುತ್ತದೆ, ಬಾಯಿ ಬಿಡಿಸುವುದು ಬಳಕೆ. ಇಲ್ಲಿ ನಮ್ಮ ನಾಡಿನ ಅನುಭವವೇ ಮಾರ್ಗದರ್ಶಿ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿಗೆ ಪರಿಚಿತವಾದ ಪ್ರಯೋಗ, ವ್ಯಾಕರಣವನ್ನು ನೇರವಾಗಿ ಕಲಿಸದೆ, ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನಿಟ್ಟುಕೊಂಡು ಮಕ್ಕಳ ತಲೆಗೆ ಕೆಲಸ ಕೊಟ್ಟಿತು. ಮನಸ್ಸು ಅರ್ಥದ ಕಡೆಗಿದ್ದಾಗ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದರ ನಂಬಿಕೆ. ‘ಗೋ’ ಮತ್ತು ‘ಕಮ್’ ಕಲಿಸಲು ಬಸ್ ನಿಲ್ದಾಣದ ವೇಳಾಪಟ್ಟಿಗಿಂತ ಒಳ್ಳೆಯ ಬೋಧನೋಪಕರಣ ಬೇಕೇ? ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಯಾವುದು ಎಷ್ಟಕ್ಕೆ ಬರುತ್ತದೆ, ಯಾವುದು ಆಗಲೇ ಹೋಗಿಬಿಟ್ಟಿದೆ ಎಂಬುದರಲ್ಲಿ ಮೂರೂ ರೂಪಗಳಿವೆ.

ಮುಂದಿನ ಬೋಧನಾಭ್ಯಾಸಕ್ಕೆ

ಆದ್ದರಿಂದ ಮುಂದಿನ ಬೋಧನಾಭ್ಯಾಸದ ಅವಧಿಗೆ ಒಂದು ಸರಳ ಪಾಠ ಯೋಜನೆಯನ್ನು ಇಲ್ಲಿ ಮುಂದಿಡುತ್ತೇನೆ. ಮೊದಲ ಐದು ನಿಮಿಷ, ನಿನ್ನೆ ಶಾಲೆ ಬಿಟ್ಟ ಮೇಲೆ ಎಲ್ಲೆಲ್ಲಿಗೆ ಹೋದಿರಿ ಎಂದು ಮಕ್ಕಳು ಕನ್ನಡದಲ್ಲೇ ಹೇಳಲಿ. ಮುಂದಿನ ಹತ್ತು ನಿಮಿಷ, ಅವರ ವಾಕ್ಯಗಳನ್ನೇ ಅವರ ನೆರವಿನಿಂದ ಇಂಗ್ಲಿಷಿಗೆ ತಂದು ಹಲಗೆಯ ಮೇಲೆ ಬರೆಯಿರಿ. ‘ಗೋಡ್’ ಬಂದರೆ ಅದನ್ನೂ ಒಂದು ಬದಿಯಲ್ಲಿ ಬರೆಯಿರಿ, ಅಳಿಸಬೇಡಿ. ಆಮೇಲೆ ಎರಡು–ಮೂರು ನಿಮಿಷ ‘ವೆಂಡ್ – ವೆಂಟ್’ ಕಥೆ. ಹದಿನೈದು ನಿಮಿಷ ಜೋಡಿಯಾಗಿ ಕುಳಿತು ಬಸ್ ವೇಳಾಪಟ್ಟಿಯ ಚಟುವಟಿಕೆ. ಉಳಿದ ಸಮಯದಲ್ಲಿ ಮಕ್ಕಳೇ ಕಟ್ಟುವ ಮನೆತನದ ಪಟ್ಟಿ. ಗೃಹಕಾರ್ಯಕ್ಕೆ ಮನೆಯಲ್ಲಿರುವ ಎರಡು–ಮೂರು ವರ್ಷದ ಪುಟ್ಟ ಮಗುವಿನ ಮಾತು ಕೇಳಿ, ಅದು ಕನ್ನಡದ ‘ಹೋಗು’, ‘ಬರು’, ‘ತರು’ಗಳ ಭೂತಕಾಲವನ್ನು ಹೇಗೆ ಹೇಳುತ್ತದೆ ಎಂದು ಬರೆದು ತರುವುದು.

ಕಾಲೇಜಿನ ವೀಕ್ಷಣಾ ಪತ್ರವೂ ಇದಕ್ಕೆ ತಕ್ಕಂತೆ ಬದಲಾಗಬೇಕು. ಹಲಗೆಯ ಬರವಣಿಗೆ, ಧ್ವನಿಯ ಏರಿಳಿತ, ಬೋಧನೋಪಕರಣ, ತರಗತಿ ನಿಯಂತ್ರಣ – ಇವಕ್ಕೆಲ್ಲ ಅಲ್ಲಿ ಅಂಕಗಳಿವೆ. ಎಷ್ಟು ಮಕ್ಕಳು ಸ್ವಂತ ವಾಕ್ಯ ಹೇಳಿದರು, ತಪ್ಪು ಉತ್ತರ ಬಂದಾಗ ಶಿಕ್ಷಕರು ಏನು ಮಾಡಿದರು ಎಂಬ ಎರಡು ಕಾಲಂಗಳನ್ನು ಸೇರಿಸಿದರೆ ಸಾಕು, ಪಾಠಗಳ ಸ್ವರೂಪವೇ ಬದಲಾದೀತು. ಪ್ರಶಿಕ್ಷಣಾರ್ಥಿಗಳು ಅಂಕ ಸಿಗುವ ಕಡೆಗೆ ಹೋಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ಅಂಕವನ್ನು ಮಕ್ಕಳ ಮಾತಿನ ಕಡೆಗೆ ಸರಿಸುವುದು ಮಾರ್ಗದರ್ಶಕ ಉಪನ್ಯಾಸಕರ ಕೈಯಲ್ಲಿದೆ. ಈ ವರ್ಷದ ಬೋಧನಾಭ್ಯಾಸ ಆರಂಭವಾಗುವ ಮೊದಲು ಇಂಗ್ಲಿಷ್ ವಿಧಾನ ವಿಭಾಗದವರು ಕೂತು ಆ ಎರಡು ಕಾಲಂಗಳ ಬಗ್ಗೆ ಚರ್ಚಿಸಲಿ. ಪ್ರಶಿಕ್ಷಣಾರ್ಥಿಗಳು ತಮ್ಮ ತರಗತಿಗಳಲ್ಲಿ ಕೇಳಿದ ‘ಗೋಡ್’ಗಳನ್ನೂ ‘ಟು ಹೋಮ್’ಗಳನ್ನೂ ಗುರುತು ಹಾಕಿಕೊಂಡು ಈ ಪತ್ರಿಕೆಗೆ ಬರೆದು ಕಳಿಸಲಿ. ಮುಂದಿನ ಸಂಚಿಕೆಯ ಪಾಠ ಯೋಜನೆಗಳಿಗೆ ಅವೇ ಒಳ್ಳೆಯ ಸಾಮಗ್ರಿ.